ಕಣ್ಣು ಮಿಟುಕಿಸುವಷ್ಟರಲ್ಲಿ ಗಾಳಿಯ ಲೆಕ್ಕ!

ಒಂದು ಇಸವಿ ಹೇಳಿ ನೋಡೋಣ!

ಪ್ರಶ್ನೆ ಇಷ್ಟೇ. ವಿಮಾನದ ರೆಕ್ಕೆಯ ಮೇಲೆ ಹರಿಯುವ ಗಾಳಿಯನ್ನು ಕಂಪ್ಯೂಟರಿನೊಳಗೆ ಇದ್ದದ್ದು ಇದ್ದ ಹಾಗೆ ಮೂಡಿಸಬೇಕು. ಅಂದಾಜು ಕೂಡದು. ಅಡ್ಡದಾರಿ ಕೂಡದು. ದೊಡ್ಡ ಸುಳಿ, ಅದರೊಳಗಿನ ಮರಿಸುಳಿ, ಆ ಮರಿಯೊಳಗಿನ ಕೂದಲೆಳೆಯಂಥ ಸುಳಿ, ಒಂದನ್ನೂ ಬಿಡುವಂತಿಲ್ಲ. ಇದು ಯಾವ ವರ್ಷಕ್ಕೆ ಸಾಧ್ಯವಾದೀತು?

1990 ಅಂದಿರಾ? ಅಲ್ಲ. 2010? ಅದೂ ಅಲ್ಲ. ಈಗಾಗಲೇ ಆಗಿರಬೇಕು ಅಂದಿರಾ? ಊಹೂಂ!

ಬೋಯಿಂಗ್ ಕಂಪನಿಯ ಫಿಲಿಪ್ ಸ್ಪಲಾರ್ಟ್ 2000ದಲ್ಲಿ ಇದರ ಲೆಕ್ಕ ಹಾಕಿದರು. ಕಂಪ್ಯೂಟರುಗಳು ವರ್ಷದಿಂದ ವರ್ಷಕ್ಕೆ ಚುರುಕಾಗುತ್ತಲೇ ಹೋಗುತ್ತವೆ ಎಂದು ಹಿಡಿದು ಹಾಕಿದ ಲೆಕ್ಕ ಅದು. ಬಂದ ಉತ್ತರ 2080!

ಹೌದು, 2080. ನಿಮ್ಮ ಮೊಮ್ಮಕ್ಕಳು ನಿವೃತ್ತರಾಗುವ ಕಾಲ!

ಯಾಕಿಷ್ಟು ತಡ? ರೆಕ್ಕೆಯ ಸುತ್ತಲಿನ ಜಾಗವನ್ನು ಎಷ್ಟು ಬಿಂದುಗಳಾಗಿ ಒಡೆಯಬೇಕು ಗೊತ್ತೇ? ಒಂದರ ಮುಂದೆ 16 ಸೊನ್ನೆ! ಕೋಟಿಯನ್ನು ನೂರು ಕೋಟಿಯಿಂದ ಗುಣಿಸಿದರೆ ಬರುವ ಸಂಖ್ಯೆ. ಅಷ್ಟೂ ಬಿಂದುಗಳಲ್ಲಿ ಗಾಳಿಯ ವೇಗ ಎಷ್ಟು, ಒತ್ತಡ ಎಷ್ಟು ಎಂದು ಲೆಕ್ಕ ಮಾಡಬೇಕು. ಒಂದು ಸಲವಲ್ಲ, ಕೋಟಿಗಟ್ಟಲೆ ಸಲ!

ಅಷ್ಟು ಹೊತ್ತು ಯಾರು ಕಾಯುತ್ತಾರೆ? ಎಂಜಿನಿಯರುಗಳು ಅಡ್ಡದಾರಿ ಹಿಡಿದರು. ಪ್ರತಿ ಸುಳಿಯ ಹಿಂದೆ ಓಡುವುದು ಬೇಡ, ಹರಿವಿನ ಸರಾಸರಿ ಸಿಕ್ಕರೆ ಸಾಕು ಅಂದುಕೊಂಡರು. ಸುಳಿಗಳ ಒಟ್ಟು ಪರಿಣಾಮಕ್ಕೆ ಒಂದು ಅಂದಾಜಿನ ಸೂತ್ರ ಹಾಕಿದರು. ಅಂಥ ಹೆಸರಾಂತ ಸೂತ್ರಗಳಲ್ಲೊಂದನ್ನು 1992ರಲ್ಲಿ ಕೊಟ್ಟವರು ಯಾರು? ಇದೇ ಸ್ಪಲಾರ್ಟ್, ಸಹೋದ್ಯೋಗಿ ಆಲ್ಮರಸ್ ಜೊತೆಗೂಡಿ! ಈ ಹೆಸರು ನೆನಪಿನಲ್ಲಿರಲಿ. ಮತ್ತೆ ಬರುತ್ತದೆ.

ಅಡ್ಡದಾರಿಯೂ ನಿಧಾನವೇ! ಜಾಗವನ್ನು ಸಣ್ಣ ಸಣ್ಣ ಕೋಣೆಗಳಾಗಿ ಒಡೆಯುತ್ತಾರೆ. ಪ್ರತಿ ಕೋಣೆಯೂ ಪಕ್ಕದ ಕೋಣೆಯನ್ನು ವಿಚಾರಿಸುತ್ತದೆ: ನಿನ್ನಲ್ಲಿ ಒತ್ತಡ ಎಷ್ಟು? ಉತ್ತರ ಬಂದ ಮೇಲೆ ತನ್ನದನ್ನು ತಿದ್ದಿಕೊಳ್ಳುತ್ತದೆ. ಇದು ತಿದ್ದಿಕೊಂಡಿತೆಂದು ಪಕ್ಕದ್ದು ಮತ್ತೆ ತಿದ್ದಿಕೊಳ್ಳುತ್ತದೆ. ಎಲ್ಲರ ಲೆಕ್ಕ ತಾಳೆಯಾಗುವವರೆಗೂ ಈ ಪಂಚಾಯಿತಿ ನಡೆಯುತ್ತಲೇ ಇರುತ್ತದೆ!

ಮುಗಿಯಿತೇ? ಈಗ ರೆಕ್ಕೆಯ ಮೂತಿಯನ್ನು ಒಂದಿಷ್ಟೇ ಚೂಪು ಮಾಡಿ. ಮತ್ತೆ ಮೊದಲಿನಿಂದ ಶುರು! ಕಂಪ್ಯೂಟರ್ ಹಿಂದಿನ ಸಲ ಮಾಡಿದ್ದೆಲ್ಲ ಮರೆತು ಕೂತಿರುತ್ತದೆ.

ಈಗ ಬನ್ನಿ, ಜರ್ಮನಿಗೆ ಹೋಗೋಣ!

2018. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ. ನಿಲ್ಸ್ ಟ್ಯೂರೈ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಎಂಥ ಪ್ರಯೋಗ! ಗಾಳಿಯ ಸಮೀಕರಣವನ್ನು ಬಿಡಿಸುವ ಗೋಜಿಗೇ ಹೋಗದ ಒಂದು ಯಂತ್ರವನ್ನು, ಅಂದರೆ ನೋಡಿ ನೋಡಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಮನ್ನು, ಅವರು ತಯಾರು ಮಾಡಿದರು. ಅದಕ್ಕೆ ಸಮೀಕರಣವನ್ನು ಯಾರೂ ಹೇಳಿಕೊಡಲಿಲ್ಲ! ನ್ಯೂಟನ್ ಯಾರೆಂದು ಗೊತ್ತಿಲ್ಲ. ಬರ್ನೂಲಿ ಹೆಸರೂ ಕೇಳಿಲ್ಲ. ಅದು ಮಾಡುವುದು ಒಂದೇ ಕೆಲಸ. ಚಿತ್ರ ನೋಡುವುದು!

ಏನು ಕೊಟ್ಟರು ಅದಕ್ಕೆ? ಮೂರು ಪುಟ್ಟ ಚಿತ್ರಗಳು. ಮೊದಲನೆಯದು ರೆಕ್ಕೆಯ ಅಡ್ಡಕೊಯ್ತದ ಆಕಾರ. ಎರಡನೆಯದು ಗಾಳಿ ಅಡ್ಡಕ್ಕೆ ಎಷ್ಟು ವೇಗದಲ್ಲಿ ಬೀಸುತ್ತಿದೆ ಎಂಬುದು. ಮೂರನೆಯದು ಮೇಲಕ್ಕೋ ಕೆಳಕ್ಕೋ ಎಷ್ಟು ಎಂಬುದು. ಒಂದೊಂದು ಚಿತ್ರವೂ 128 ಚುಕ್ಕೆ ಅಗಲ, 128 ಚುಕ್ಕೆ ಎತ್ತರ. ನಿಮ್ಮ ಫೋನಿನಲ್ಲಿರುವ ಯಾವುದೋ ಐಕಾನಿನಷ್ಟು!

ಹೊರಬಂದದ್ದೇನು? ಮತ್ತೆ ಮೂರು ಚಿತ್ರ. ಒತ್ತಡದ್ದೊಂದು, ವೇಗದ್ದೆರಡು. ರೆಕ್ಕೆಯ ಮೂತಿಯಲ್ಲಿ ಒತ್ತಡ ಏರಿರುವುದು, ಬೆನ್ನಿನ ಮೇಲೆ ಇಳಿದಿರುವುದು, ಬಾಲದ ಹಿಂದೆ ಗಾಳಿ ಸೋತು ನಿಧಾನವಾಗಿರುವುದು, ಎಲ್ಲವೂ ಅಲ್ಲಿವೆ!

ಎಷ್ಟು ಹೊತ್ತಿನಲ್ಲಿ? ತಾಳಿ, ಅದನ್ನು ಈಗಲೇ ಹೇಳುವುದಿಲ್ಲ.

ಮೊದಲು ಇದನ್ನು ಊಹಿಸಿ. ಆ ಯಂತ್ರದ ಒಳರಚನೆಗೆ ಯು-ನೆಟ್ ಎಂದು ಹೆಸರು. 2015ರಲ್ಲಿ ಅದನ್ನು ಕಟ್ಟಿದ್ದು ಫ್ರೈಬರ್ಗ್ ವಿಶ್ವವಿದ್ಯಾಲಯದಲ್ಲಿ. ಯಾವ ಕೆಲಸಕ್ಕೆ? ವಿಮಾನಕ್ಕೆ? ಕಾರಿಗೆ? ರಾಕೆಟ್ಟಿಗೆ?

ಸೂಕ್ಷ್ಮದರ್ಶಕದಲ್ಲಿ ಕಾಣುವ ಜೀವಕೋಶಗಳ ಗಡಿ ಗುರುತಿಸುವುದಕ್ಕೆ!

ಹೌದು! ಈ ಕೋಶ ಇಲ್ಲಿ ಮುಗಿಯಿತು, ಆ ಕೋಶ ಅಲ್ಲಿ ಶುರುವಾಯಿತು ಎಂದು ವೈದ್ಯಕೀಯ ಚಿತ್ರಗಳ ಮೇಲೆ ಗೆರೆ ಎಳೆಯುವ ಯಂತ್ರ ಅದು. ಅದನ್ನೇ ತಂದು ಗಾಳಿಗೆ ಹಚ್ಚಿದರು. ಕೆಲಸ ಮಾಡಿತು!

ಇದು ಬರಿಯ ಅದೃಷ್ಟವಲ್ಲ. ಯು-ನೆಟ್ ಚಿತ್ರವನ್ನು ಹಂತ ಹಂತವಾಗಿ ಕುಗ್ಗಿಸುತ್ತದೆ. ಕುಗ್ಗಿಸಿ ಕುಗ್ಗಿಸಿ ಕೊನೆಗೆ ಇಡೀ ದೃಶ್ಯವನ್ನು ಒಂದೇ ನೋಟದಲ್ಲಿ ಹಿಡಿಯುತ್ತದೆ. ಆಮೇಲೆ ಹಿಗ್ಗಿಸುತ್ತ ಬಂದು ಸಣ್ಣ ವಿವರಗಳನ್ನು ಮತ್ತೆ ಸೇರಿಸುತ್ತದೆ. ಗಾಳಿಯ ಸ್ವಭಾವವೂ ಹಾಗೆಯೇ! ರೆಕ್ಕೆಯ ಮೂತಿಯಲ್ಲಿ ಆದದ್ದು ಬಾಲದಾಚೆಗೂ ಗೊತ್ತಾಗುತ್ತದೆ. ಒತ್ತಡದ ಸುದ್ದಿ ಎಲ್ಲ ಕಡೆಗೂ ಹಬ್ಬುತ್ತದೆ. ಅಕ್ಕಪಕ್ಕದ ಕೋಣೆಯನ್ನಷ್ಟೇ ವಿಚಾರಿಸುತ್ತ ಕೂತರೆ ಆ ಸುದ್ದಿ ತಲುಪಲು ತಡ. ಇದಕ್ಕೋ, ದೂರದ್ದೂ ಹತ್ತಿರದ್ದೂ ಒಟ್ಟಿಗೆ ಕಾಣುತ್ತದೆ!

ಕಲಿಸಿದ್ದು ಹೇಗೆ? ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ರೆಕ್ಕೆಯ ಆಕಾರಗಳದ್ದೊಂದು ಭಂಡಾರ ಇಟ್ಟಿದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅದರಿಂದ 1,505 ಆಕಾರಗಳನ್ನು ಆರಿಸಿಕೊಂಡರು. ಬೇರೆ ಬೇರೆ ವೇಗ, ಬೇರೆ ಬೇರೆ ಕೋನ. ಓಪನ್‌ಫೋಮ್ ಎಂಬ ತಂತ್ರಾಂಶದಲ್ಲಿ ಸಾವಿರಾರು ಸಲ ಹಳೆಯ ಪದ್ಧತಿಯಲ್ಲೇ ಲೆಕ್ಕ ಮಾಡಿಸಿದರು. ಅದರೊಳಗೆ ಬಳಸಿದ ಸೂತ್ರ ಯಾರದು ಹೇಳಿ? ಸ್ಪಲಾರ್ಟ್–ಆಲ್ಮರಸ್ ಅವರದು! 2080ರವರೆಗೆ ಕಾಯಿರಿ ಎಂದವರೇ ಈ ಯಂತ್ರಕ್ಕೂ ಪರೋಕ್ಷವಾಗಿ ಗುರುಗಳಾದರು.

ಬಳೆಗಾರನನ್ನು ನೋಡಿದ್ದೀರಲ್ಲ? ಕೈ ಮುಂದೆ ಚಾಚಿದರೆ ಸಾಕು, ಅಳತೆಪಟ್ಟಿ ಹಿಡಿಯದೆ ಸರಿಯಾದ ಬಳೆಯನ್ನೇ ಎತ್ತಿಕೊಡುತ್ತಾನೆ. ಸಾವಿರ ಕೈ ನೋಡಿದ ಕಣ್ಣು ಅದು. ಮ್ಯೂನಿಕ್ಕಿನ ಯಂತ್ರದ್ದೂ ಅದೇ ಬಗೆಯ ಕಣ್ಣು!

ಒಂದು ಸೋಜಿಗವನ್ನು ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಮೊದಮೊದಲು ಯಂತ್ರ ತಡವರಿಸುತ್ತಿತ್ತು. ಆಗ ಸಂಶೋಧಕರು ಏನು ಮಾಡಿದರು? ಹೆಚ್ಚು ದತ್ತಾಂಶ ತುಂಬಿದರೇ? ದೊಡ್ಡ ಕಂಪ್ಯೂಟರ್ ತಂದರೇ? ಎರಡೂ ಇಲ್ಲ! ಭಾಗಾಕಾರ ಮಾಡಿದರು. ಅಷ್ಟೇ!

ವೇಗದ ಅಂಕಿಗಳನ್ನೆಲ್ಲ ಬೀಸುಗಾಳಿಯ ವೇಗದಿಂದ ಭಾಗಿಸಿದರು. ಒತ್ತಡವನ್ನು ಆ ವೇಗದ ವರ್ಗದಿಂದ ಭಾಗಿಸಿದರು. ಯಾಕೆ ವರ್ಗ? ವೇಗ ಎರಡರಷ್ಟಾದರೆ ಒತ್ತಡದ ವ್ಯತ್ಯಾಸ ನಾಲ್ಕರಷ್ಟಾಗುತ್ತದೆ, ಬರ್ನೂಲಿ ಹೇಳಿದ್ದು. ಪಿಯುಸಿ ಪುಸ್ತಕದಲ್ಲಿದೆ! ಆಮೇಲೆ ಪ್ರತಿ ಚಿತ್ರದ ಸರಾಸರಿ ಒತ್ತಡವನ್ನು ಕಳೆದರು, ಯಾಕೆಂದರೆ ಗಾಳಿಯನ್ನು ತಳ್ಳುವುದು ಒತ್ತಡದ ಏರಿಳಿತವೇ ಹೊರತು ಅದರ ಮೊತ್ತವಲ್ಲ. ಇಷ್ಟು ಮಾಡಿದ್ದೇ ತಡ, ತಪ್ಪು ಧಡಕ್ಕನೆ ಇಳಿಯಿತು! ಅದೇ ಯಂತ್ರ, ಅದೇ ಪಾಠ. ನನ್ನ ಮಟ್ಟಿಗೆ ಇಡೀ ಪ್ರಯೋಗದಲ್ಲಿ ಅತ್ಯಂತ ಚಂದದ ಘಟ್ಟ ಇದು. ಭೌತಶಾಸ್ತ್ರ ಗೊತ್ತಿದ್ದವರ ಕೈಗೆ ಸಿಕ್ಕರೆ ಯಂತ್ರವೂ ಬುದ್ಧಿವಂತವಾಗುತ್ತದೆ!

ಈಗ ಪರೀಕ್ಷೆ. ಯಂತ್ರ ಎಂದೂ ನೋಡಿರದ 30 ಹೊಸ ಆಕಾರಗಳನ್ನು ಮುಂದಿಟ್ಟರು. ತಪ್ಪು ಎಷ್ಟು ಬಂತು? ಸರಾಸರಿ ಶೇ. 3ಕ್ಕಿಂತ ಕಡಿಮೆ!

ಇನ್ನು ಹೊತ್ತಿನ ಮಾತು. ಹೆಚ್ಚುಕಡಿಮೆ ಅಷ್ಟೇ ನಿಖರತೆಯ ಉತ್ತರಕ್ಕೆ ಓಪನ್‌ಫೋಮ್ ತೆಗೆದುಕೊಂಡದ್ದು ಸುಮಾರು 40 ಸೆಕೆಂಡು. ಯಂತ್ರಕ್ಕೆ ಎಷ್ಟು ಬೇಕಾಯಿತು? ನಾಲ್ಕು ಸೆಕೆಂಡೇ? ಅರ್ಧ ಸೆಕೆಂಡೇ?

ಸೆಕೆಂಡನ್ನು ಸಾವಿರ ಚೂರು ಮಾಡಿ. ಅದರಲ್ಲಿ ಐದಾರು ಚೂರು ಸಾಕು!

ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ರೆಕ್ಕೆಗಳ ಗಾಳಿ ಲೆಕ್ಕ ಮುಗಿದಿರುತ್ತದೆ! ಒಂದು ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡಿಸಿದ್ದು, ಸಾಮಾನ್ಯ ಪ್ರೊಸೆಸರಿನ ಮೇಲೆ ಓಡಿದ ಓಪನ್‌ಫೋಮ್ ಜೊತೆ ಅದನ್ನು ಹೋಲಿಸುವುದು ಪೂರ್ತಿ ನ್ಯಾಯವಲ್ಲ ಎಂದು ಆ ಸಂಶೋಧಕರೇ ಬರೆದಿದ್ದಾರೆ. ಆ ರಿಯಾಯಿತಿ ಕೊಟ್ಟರೂ ಉಳಿಯುವುದು ನೂರಾರು ಪಟ್ಟು ವೇಗ!

ಇಷ್ಟಕ್ಕೇ ಬೆರಗಾದಿರಾ? ಮುಂದಿನದು ಕೇಳಿ!

2020. ಅಮೆರಿಕದ ಕ್ಯಾಲ್ಟೆಕ್. ಒಂದು ತಂಡ ಇನ್ನೂ ವಿಚಿತ್ರವಾದ ಯಂತ್ರ ಕಟ್ಟಿತು. ಹೆಸರು ಫೂರಿಯೆ ನ್ಯೂರಲ್ ಆಪರೇಟರ್. ಝೊಂಗ್ಯಿ ಲಿ ಅದರ ಮೊದಲ ಲೇಖಕರು. ತಂಡದ ಹಿರಿಯರಲ್ಲಿ ಒಬ್ಬರು ಯಾರು ಗೊತ್ತೇ? ಮೈಸೂರಿನಲ್ಲಿ ಹುಟ್ಟಿದ ಅನಿಮಾ ಆನಂದಕುಮಾರ್!

ಗಾಳಿಯ ಗಣಿತಕ್ಕೂ ನಮ್ಮವರಿಗೂ ಕ್ಯಾಲ್ಟೆಕ್ಕಿಗೂ ಹಳೆಯ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಳೆಸಿದ ಸತೀಶ್ ಧವನ್ ಅಲ್ಲಿ ಓದಿದವರು. ಅವರ ಶಿಷ್ಯ, ಬೆಂಗಳೂರಿನವರೇ ಆದ ರೊದ್ದಂ ನರಸಿಂಹ 1961ರಲ್ಲಿ ಅಲ್ಲೇ ಪಿಎಚ್‌ಡಿ ಪಡೆದರು. ಜೀವಮಾನವೆಲ್ಲ ಹರಿವಿನ ಸುಳಿಗಳ ಹಿಂದೆ ಹೋದವರು ಅವರು.

ಸರಿ, ಈ ಹೊಸ ಯಂತ್ರದ ವಿಶೇಷ ಏನು? ಇದು ಚುಕ್ಕೆಗಳನ್ನು ನೋಡುವುದಿಲ್ಲ. ಅಲೆಗಳನ್ನು ನೋಡುತ್ತದೆ! ಹರಿವಿನ ಇಡೀ ಚಿತ್ರವನ್ನು ಉದ್ದ, ಗಿಡ್ಡ ಅಲೆಗಳಾಗಿ ಬಿಡಿಸುತ್ತದೆ. ಉದ್ದನೆಯ ಅಲೆಗಳನ್ನು ಇಟ್ಟುಕೊಂಡು ಅವು ಮುಂದೆ ಹೇಗೆ ಬದಲಾಗುತ್ತವೆ ಎಂದು ಕಲಿಯುತ್ತದೆ.

ಇದರಿಂದ ಒಂದು ಜಾದೂ ಸಾಧ್ಯವಾಯಿತು. ಒರಟು ಚಿತ್ರಗಳ ಮೇಲೆ ಪಾಠ ಹೇಳಿ. ಆಮೇಲೆ ನಾಲ್ಕು ಪಟ್ಟು ನವುರಾದ ಚಿತ್ರ ಕೇಳಿ. ಕೊಡುತ್ತದೆ! ನವುರಾದದ್ದನ್ನು ಅದು ಒಮ್ಮೆಯೂ ಕಂಡಿರುವುದಿಲ್ಲ!

ಈಗ ನೀವೇ ಒಂದು ಲೆಕ್ಕ ಮಾಡಿ. ಪೆನ್ನು ಹಿಡಿಯಿರಿ.

ಪ್ರಶ್ನೆ ತಿರುಗುಮುರುಗಾಗಿದೆ. ಹರಿವು ಕೊನೆಗೆ ಹೀಗೆ ಕಾಣುತ್ತಿದೆ. ಹಾಗಿದ್ದರೆ ಮೊದಲು ಹೇಗಿತ್ತು? ಉತ್ತರ ಸಿಗಬೇಕಾದರೆ ಬೇರೆ ಬೇರೆ ಆರಂಭಗಳನ್ನು ಹಿಡಿದು ಸಿಮ್ಯುಲೇಶನ್ ಓಡಿಸುತ್ತಲೇ ಇರಬೇಕು. ಎಷ್ಟು ಸಲ? 30,000 ಸಲ! ಹಳೆಯ ಪದ್ಧತಿಗೆ ಪ್ರತಿ ಸಲಕ್ಕೆ 2.2 ಸೆಕೆಂಡು. ಹೊಸ ಯಂತ್ರಕ್ಕೆ 0.005 ಸೆಕೆಂಡು.

ಗುಣಿಸಿದಿರಾ? ಹಳೆಯದಕ್ಕೆ 18 ಗಂಟೆಗೂ ಹೆಚ್ಚು!

ಹೊಸದಕ್ಕೆ? ಎರಡೂವರೆ ನಿಮಿಷ!!

ಕಲಿಸುವುದಕ್ಕೆ ಹಿಡಿದ ಹೊತ್ತನ್ನು ಯಾಕೆ ಸೇರಿಸಲಿಲ್ಲ ಎಂದು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ! ದತ್ತಾಂಶ ತಯಾರಿಸಿ ಪಾಠ ಹೇಳಲು 12 ಗಂಟೆ ಬೇಕಾಯಿತು. ಅದನ್ನು ಸೇರಿಸಿಯೂ ಹೊಸದೇ ಗೆದ್ದಿತು. ಅದೂ ಮೊದಲ ಪ್ರಶ್ನೆಯಲ್ಲೇ! ಎರಡನೆಯ ಪ್ರಶ್ನೆಗೆ ಮತ್ತೆ ಪಾಠ ಬೇಕಿಲ್ಲ.

ಇಲ್ಲೊಂದು ಪುಟ್ಟ ಕಥೆ ಹೇಳದೆ ಮುಂದೆ ಹೋಗಲಾರೆ. ದ್ರವವೂ ಗಾಳಿಯೂ ಹರಿಯುವ ಬಗೆಯನ್ನು ಹೇಳುವ ಸಮೀಕರಣವನ್ನು ಮೊದಲು ಮುಂದಿಟ್ಟವರು ಫ್ರಾನ್ಸಿನ ನೇವಿಯೆ, 1822ರಲ್ಲಿ. ಆಮೇಲೆ ಅದಕ್ಕೆ ಸ್ಟೋಕ್ಸ್ ಹೆಸರೂ ಸೇರಿತು. ಏನನ್ನೇ ಆದರೂ ಅಲೆಗಳಾಗಿ ಬಿಡಿಸುವ ಫೂರಿಯೆ ತನ್ನ ಮಹಾಗ್ರಂಥ ಪ್ರಕಟಿಸಿದ್ದು ಯಾವಾಗ? ಅದೇ 1822! ಅದೇ ಪ್ಯಾರಿಸ್! ಇಬ್ಬರಿಗೂ ಏನು ಸಂಬಂಧ? ಗುರು, ಶಿಷ್ಯ! ಫೂರಿಯೆ ಪಾಠ ಹೇಳಿದ ಹುಡುಗ ನೇವಿಯೆ. ಶಿಷ್ಯನ ಸಮೀಕರಣದ ವೇಗ ಹೆಚ್ಚಿಸಲು ಸುಮಾರು 200 ವರ್ಷಗಳ ಮೇಲೆ ಗುರುವಿನ ಗಣಿತವೇ ಬಂತು!

1822ಕ್ಕೆ ನೂರು ಸೇರಿಸಿ. 1922. ಆ ವರ್ಷ ಏನಾಯಿತು?

ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿಯ ಪುಸ್ತಕ ಬಂತು. ಮೊದಲ ಮಹಾಯುದ್ಧದಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ ಈ ಮನುಷ್ಯ ವಾತಾವರಣದ ಹರಿವನ್ನು ಕೈಯಿಂದ ಲೆಕ್ಕ ಹಾಕಿದ್ದ. ಬರೀ ಆರು ಗಂಟೆಯ ಹವಾಮಾನ! ಲೆಕ್ಕಕ್ಕೆ ಹಿಡಿದದ್ದು ಆರು ವಾರ! ಹಸ್ತಪ್ರತಿ ಯುದ್ಧದಲ್ಲಿ ಕಳೆದುಹೋಗಿ, ತಿಂಗಳುಗಳ ಮೇಲೆ ಕಲ್ಲಿದ್ದಲಿನ ರಾಶಿಯಡಿ ಸಿಕ್ಕಿತು. ಇಷ್ಟೆಲ್ಲ ಆಗಿ ಉತ್ತರ ಸರಿಯಿತ್ತೇ? ಪೂರ್ತಿ ತಪ್ಪು! ಗಾಳಿಯ ಒತ್ತಡ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದ ದಿನ ಅದು 145 ಮಿಲಿಬಾರ್ ಏರುತ್ತದೆ ಎಂದು ಬಂದಿತ್ತು! ಆತ ತಪ್ಪನ್ನು ಮುಚ್ಚಿಡಲಿಲ್ಲ. ಹಾಗೆಯೇ ಅಚ್ಚು ಹಾಕಿಸಿದ. ದೊಡ್ಡ ಸಭಾಂಗಣದಲ್ಲಿ 64,000 ಜನರನ್ನು ಕೂರಿಸಿ ಲೆಕ್ಕ ಮಾಡಿಸಿದರೆ ಇಡೀ ಭೂಮಿಯ ಹವೆಯ ಜೊತೆಗೆ ಓಡಬಹುದೆಂದು ಕನಸನ್ನೂ ಕಂಡ.

ಮತ್ತೆ ನೂರು ಸೇರಿಸಿ. 2022!

ಫೋರ್‌ಕಾಸ್ಟ್‌ನೆಟ್ ಬಂತು. ಆನಂದಕುಮಾರ್ ಅವರೂ ಇದ್ದ ತಂಡದ್ದು. ಒಳಗೆ ಅದೇ ಫೂರಿಯೆ ತಂತ್ರ. ಭೂಮಂಡಲಕ್ಕೆಲ್ಲ ಒಂದು ವಾರದ ಹವಾಮಾನ. ಎಷ್ಟು ಹೊತ್ತು? ಊಹಿಸಿ!

ಎರಡು ಸೆಕೆಂಡಿಗಿಂತ ಕಡಿಮೆ!

ಈ ಯಂತ್ರಗಳು ವೇಗವಾಗಿವೆ ಎಂಬುದಕ್ಕಿಂತ ನನ್ನನ್ನು ಹಿಡಿದಿರುವುದು ಬೇರೆ ಒಂದು ಸಂಗತಿ. ಒಂದು ಪ್ರಶ್ನೆ ಕೇಳಲು ದಿನ ಹಿಡಿಯುವಾಗ ಎಂಜಿನಿಯರ್ ಜಿಪುಣನಾಗಿರುತ್ತಾನೆ. ಹತ್ತು ಆಕಾರ ನೋಡಿ ಚೆನ್ನಾಗಿರುವುದನ್ನು ಆರಿಸಿಕೊಳ್ಳುತ್ತಾನೆ. ಪ್ರಶ್ನೆ ಪುಕ್ಕಟೆಯಾದರೆ? ಹತ್ತು ಸಾವಿರ ಕೇಳುತ್ತಾನೆ! ಹುಚ್ಚು ಆಕಾರಗಳನ್ನೂ ಕೇಳುತ್ತಾನೆ!

ಕ್ಯಾಲ್ಟೆಕ್‌ನಲ್ಲಿ ಅದೇ ಆಯಿತು. ಆಸ್ಪತ್ರೆಯ ಕ್ಯಾಥೆಟರ್ ಕೊಳವೆ ಗೊತ್ತಲ್ಲ? ಅದರೊಳಗೆ ಬ್ಯಾಕ್ಟೀರಿಯಾಗಳು ಹರಿವಿಗೆ ಎದುರಾಗಿ ಈಜಿ ದೇಹದೊಳಗೆ ನುಗ್ಗುತ್ತವೆ. ಕೊಳವೆಯ ಒಳಗೋಡೆಯಲ್ಲಿ ಸಣ್ಣ ತ್ರಿಕೋನಗಳನ್ನು ಮೂಡಿಸಿದರೆ ಅವು ದಾರಿತಪ್ಪುತ್ತವೆ. ಎಷ್ಟು ದೊಡ್ಡ ತ್ರಿಕೋನ? ಎಷ್ಟು ಅಂತರ? ಫೂರಿಯೆ ಯಂತ್ರವನ್ನು ಕೇಳಿದರು. 2024ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಪ್ರಯೋಗಾಲಯದಲ್ಲಿ ಮುದ್ರಿಸಿ ಪರೀಕ್ಷಿಸಿದ ಕೊಳವೆಯಲ್ಲಿ ಎದುರೀಜುವ ಬ್ಯಾಕ್ಟೀರಿಯಾ ನೂರರಲ್ಲಿ ಒಂದು ಪಾಲಿಗೆ ಇಳಿಯಿತು! ಔಷಧಿಯ ಲೇಪವೂ ಇಲ್ಲ, ಬರೀ ಆಕಾರ!

ಇನ್ನು ಕಾರುಗಳು. ಎಂಐಟಿಯ ಸಂಶೋಧಕರು 2024ರಲ್ಲಿ 8,000 ಕಾರು ವಿನ್ಯಾಸಗಳ ಗಾಳಿ ಲೆಕ್ಕವನ್ನು ಒಟ್ಟುಮಾಡಿ ಎಲ್ಲರಿಗೂ ತೆರೆದಿಟ್ಟರು. 39 ಟೆರಾಬೈಟ್! ಯಂತ್ರಗಳಿಗೆ ಪಠ್ಯಪುಸ್ತಕ ಅದು. ಅದನ್ನು ಬರೆಯಲು ತಗಲಿದ್ದು 30 ಲಕ್ಷ ಪ್ರೊಸೆಸರ್-ಗಂಟೆ. ಒಂದೇ ಪ್ರೊಸೆಸರ್ ಹಗಲೂ ರಾತ್ರಿ ದುಡಿದಿದ್ದರೆ? 342 ವರ್ಷ! ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದಾಗ ಶುರು ಮಾಡಿದ್ದರೆ ಆ ವರ್ಷಕ್ಕೆ ಮುಗಿಯುತ್ತಿತ್ತು!

ಈ ಬಿಟ್ಟಿ ವೇಗ ಬಿಟ್ಟಿಯದಲ್ಲ, ನೋಡಿ. ಬೆವರನ್ನು ಮೊದಲೇ ಸುರಿಸಿರುತ್ತಾರೆ.

ಹಾಗಾದರೆ ಹಳೆಯ ಪದ್ಧತಿಯನ್ನು ಗುಜರಿಗೆ ಹಾಕೋಣವೇ? ನಿಲ್ಲಿ, ನಿಲ್ಲಿ! ಇದೂ ಒಂದು ಬೆರಗೇ.

ನಿಕ್ ಮೆಕ್‌ಗ್ರೀವಿ ಮತ್ತು ಅಮ್ಮಾರ್ ಹಕೀಮ್ ಎಂಬ ಇಬ್ಬರು ತನಿಖೆಗಿಳಿದರು. ಹರಿವಿನ ಸಮೀಕರಣಗಳಲ್ಲಿ ನಮ್ಮ ಯಂತ್ರ ಹಳೆಯ ಪದ್ಧತಿಯನ್ನು ಸೋಲಿಸಿತು ಎಂದು ಹೇಳಿಕೊಂಡ 76 ಪ್ರಬಂಧಗಳನ್ನು ಬಿಡಿಸಿ ನೋಡಿದರು. ಅವುಗಳಲ್ಲಿ ಎಷ್ಟು, ಬಡಕಲು ಎದುರಾಳಿಯನ್ನು ನಿಲ್ಲಿಸಿಕೊಂಡು ಗೆದ್ದಿದ್ದವು? ಐದು? ಹದಿನೈದು?

60! ಅಂದರೆ ಶೇ. 79! ಅದು 2024ರಲ್ಲಿ ಪ್ರಕಟವಾಯಿತು. ಓದಿದವರ ಮುಖ ಕಪ್ಪಿಟ್ಟಿರಬೇಕು.

ಇನ್ನೊಂದು ತೊಡಕೂ ಇದೆ. ಯಂತ್ರ ಕಂಡದ್ದರ ಆಸುಪಾಸಿನಲ್ಲಿ ಮಾತ್ರ ಚೆನ್ನಾಗಿ ಊಹಿಸುತ್ತದೆ. ರೆಕ್ಕೆ ನೋಡಿ ಕಲಿತದ್ದಕ್ಕೆ ಲಾರಿ ತೋರಿಸಿದರೆ? ಉತ್ತರ ಕೊಡುತ್ತದೆ, ಧೈರ್ಯವಾಗಿ ಕೊಡುತ್ತದೆ! ಅದು ತಪ್ಪಾಗಿರಬಹುದೆಂದು ಅದಕ್ಕೇ ಗೊತ್ತಿರುವುದಿಲ್ಲ.

ಅದಕ್ಕೇ ನನಗೆ ಹೆಚ್ಚು ಭರವಸೆ ಇರುವುದು ಹಳೆಯದನ್ನೂ ಹೊಸದನ್ನೂ ಕೂಡಿಸುವುದರಲ್ಲಿ. 2021ರಲ್ಲಿ ಗೂಗಲ್‌ನ ಡಿಮಿಟ್ರಿ ಕೊಚ್ಕೊವ್, ಸ್ಟೀಫನ್ ಹಾಯರ್ ಮತ್ತವರ ಸಂಗಡಿಗರು ಸಮೀಕರಣವನ್ನು ಬಿಡಲಿಲ್ಲ. ಅದನ್ನೇ ಒರಟು ಜಾಲದ ಮೇಲೆ ಓಡಿಸಿ, ಒರಟುತನದಿಂದ ಆಗುವ ತಪ್ಪನ್ನು ಮಾತ್ರ ಯಂತ್ರದಿಂದ ತಿದ್ದಿಸಿದರು. ಎರಡು ಆಯಾಮದ ಹರಿವಿನಲ್ಲಿ, ಪ್ರತಿ ದಿಕ್ಕಿಗೂ ಎಂಟರಿಂದ ಹತ್ತು ಪಟ್ಟು ನವುರಾದ ಜಾಲದಷ್ಟೇ ನಿಖರ ಉತ್ತರ ಬಂತು. ವೇಗ 40ರಿಂದ 80 ಪಟ್ಟು. ಸಾವಿರ ಪಟ್ಟಲ್ಲ, ನಿಜ. ಆದರೆ ವಿಮಾನ ಹತ್ತುವ ನಾನು ಈ ಎಂಬತ್ತನ್ನೇ ಆರಿಸಿಕೊಳ್ಳುತ್ತೇನೆ!

ಕೊನೆಗೊಂದು ಮಾತು, ಮುಖ್ಯವಾದದ್ದು. ಮ್ಯೂನಿಕ್ಕಿನವರು ತಮ್ಮ ಪ್ರೋಗ್ರಾಮನ್ನು ಬಚ್ಚಿಟ್ಟಿಲ್ಲ. ಗಿಟ್‌ಹಬ್‌ನಲ್ಲಿದೆ, ಉಚಿತ! ರೆಕ್ಕೆಗಳ ಭಂಡಾರವೂ ಉಚಿತ. ಓಡಿಸಲು ಸೂಪರ್‌ಕಂಪ್ಯೂಟರ್ ಬೇಡ. ವಿಡಿಯೊ ಗೇಮ್ ಆಡುವವರ ಬಳಿ ಇರುವಂಥ ಗ್ರಾಫಿಕ್ಸ್ ಕಾರ್ಡ್ ಸಾಕು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಇದ್ದರೆ ಇವತ್ತೇ ಹೇಳಿ. ತಾವೇ ಒಂದು ರೆಕ್ಕೆ ಬರೆಯಲಿ, ಯಂತ್ರವನ್ನು ಕೇಳಲಿ. ಬಂದ ಉತ್ತರವನ್ನು ಓಪನ್‌ಫೋಮ್‌ನಲ್ಲಿ ಒಮ್ಮೆ ತಾಳೆ ನೋಡುವುದನ್ನು ಮಾತ್ರ ಮರೆಯದಿರಲಿ. ಅದೂ ಉಚಿತವೇ!